ಟೇಬಲ್ ಕಟ್ಟಿದ ಲಟ್ಟಣಿಗೆ

ಟೇಬಲ್ ಬಂತು! ಕಾಲು ಬೇರೆ, ಮೈ ಬೇರೆ, ಎಲ್ಲ ಬಿಚ್ಚಿಕೊಂಡು ಒಂದು ಚಪ್ಪಟೆ ರಟ್ಟಿನ ಪೆಟ್ಟಿಗೆಯೊಳಗೆ ಮಲಗಿಕೊಂಡು ಬಂತು.

“ಏನೇ ಸುಮಾ, ಟೇಬಲ್ ಬರುತ್ತೆ ಅಂದೆ. ಇದೇನು, ಹಪ್ಪಳದ ಕಟ್ಟಿನ ಹಾಗಿದೆ?” ಎಂದರು ನಮ್ಮತ್ತೆ, ಬಾಗಿಲಲ್ಲೇ ನಿಂತು.

ಏನಾದರೂ ಅನ್ನಲಿ, ನನಗೆ ಮಾತ್ರ ಹಿಗ್ಗೋ ಹಿಗ್ಗು. ನಿಮಗೆ ಹಿಂದೊಮ್ಮೆ ಹೇಳಿದ್ದೆನಲ್ಲ, ಈ ಅಂಕಣ ಹುಟ್ಟುವುದು ನಮ್ಮ ಹೊಲಿಗೆ ಮೆಷಿನ್ನಿನ ಮೇಲೆ. (ಬರೆಯುವ ಭರದಲ್ಲಿ ಪೆಡಲ್ ಒತ್ತಿಬಿಟ್ಟರೆ ಅಕ್ಷರವೆಲ್ಲ ಗಡಗಡ ನಡುಗುತ್ತದೆ.) ನನ್ನದೇ ಅಂತ ಒಂದು ಟೇಬಲ್ ಬೇಕು. ಅದರ ಮೇಲೆ ಯಾರೂ ಒಣಗಿದ ಬಟ್ಟೆ ತಂದು ಸುರಿಯಬಾರದು, ತರಕಾರಿ ಚೀಲ ಇಡಬಾರದು. ವಿಜಯದಶಮಿಯ ದಿನ ಅದರ ಮುಂದೆ ಕೂತು ಮೊದಲ ಸಾಲು ಬರೆಯಬೇಕು. ಎಷ್ಟೋ ಕಾಲದ ಆಸೆ ಇದು.

ನಮ್ಮ ಯಜಮಾನರ ಲೆಕ್ಕವೇ ಬೇರೆ. “ನೋಡು ಮಾರಾಯ್ತಿ, ವಿಜಯದಶಮಿಯೊಳಗೆ ಇದು ಎದ್ದು ನಿಂತ್ರೆ ನಿಂದು. ಇಲ್ಲಾಂದ್ರೆ ಅಂಗಡಿಗೆ ವಾಪಸ್. ಈ ಹಲಗೆ ದಾಟ್ಕೊಂಡು ದಾಟ್ಕೊಂಡು ಬಚ್ಚಲಿಗೆ ಹೋಗೋಕೆ ನನ್ ಕೈಲಾಗಲ್ಲ.”

ವಿಜಯದಶಮಿ ಅಂದರೆ ಎಷ್ಟು ದೂರ? ನವರಾತ್ರಿ ಆಗಲೇ ಮುಗಿಯುತ್ತಾ ಬಂದಿತ್ತು!

ಆಗ ನೆನಪಾದವರು ಭದ್ರಾವತಿಯ ಭಾವ, ಅಂದರೆ ನಮ್ಮವರ ಅಣ್ಣ. ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದು ರಿಟೈರ್ ಆದವರು. ಫೋನಿನಲ್ಲಿ ವಿಷಯ ಕೇಳಿದ್ದೇ ತಡ, ಒಂದು ಟ್ರಂಕ್ ಹೊತ್ತುಕೊಂಡು ಬಸ್ ಹತ್ತಿ ಬಂದೇಬಿಟ್ಟರು. ಟ್ರಂಕ್ ತೆಗೆದರೆ ಒಳಗೆ ನನ್ನ ತೋಳಿನುದ್ದದ ಪೈಪ್ ರೆಂಚು, ಎರಡು ಕೈಯಲ್ಲಿ ಎತ್ತಬೇಕಾದ ಸ್ಪ್ಯಾನರು, ದಪ್ಪ ದಪ್ಪ ಸುತ್ತಿಗೆಗಳು!

“ಟನ್‌ಗಟ್ಲೆ ತೂಕದ ಮೆಷಿನ್ ಬಿಚ್ಚಿ ಜೋಡಿಸಿದೀವಮ್ಮಾ. ನಿನ್ ಟೇಬಲ್ ಯಾವ ಮಹಾ?”

ಪೆಟ್ಟಿಗೆಯಲ್ಲಿ ಜೋಡಿಸುವ ವಿಧಾನದ ಚಿತ್ರಗಳಿದ್ದ ಹಾಳೆಯೊಂದಿತ್ತು. ಭಾವ ಅದರ ಮೇಲೆ ಕಾಫಿ ಲೋಟ ಇಟ್ಟರು. ಹಲಗೆಯ ತೂತಿಗೆ ಪುಟ್ಟ ಮರದ ಗೂಟವೊಂದನ್ನು ತೂರಿಸಿ, ಸುತ್ತಿಗೆ ಎತ್ತಿ, ಕಾರ್ಖಾನೆಯ ಏಟು ಒಂದು ಹಾಕಿದರು ನೋಡಿ!

ಹಲಗೆಯ ಮೂಲೆ ಉಬ್ಬಿಕೊಂಡಿತು. ಅದು ತೇಗವೂ ಅಲ್ಲ, ಹೊನ್ನೆಯೂ ಅಲ್ಲ, ಮರದ ಪುಡಿಯನ್ನು ಅಂಟು ಹಾಕಿ ಒತ್ತಿದ ಹಲಗೆ.

“ಭಾವಾ, ಸುತ್ತಿಗೆ ಕೆಳಗಿಡಿ!”

ಅವರೆದುರು ನಾನು ಅಲ್ಲಿಯವರೆಗೆ ದನಿ ಎತ್ತಿದವಳಲ್ಲ. ಭಾವ ಗಾಬರಿಯಲ್ಲಿ ಸುತ್ತಿಗೆ ಕೆಳಗಿಟ್ಟರು. “ಮತ್ತೆ ಯಾವುದ್ರಲ್ಲಿ ಹೊಡೀಲಿ? ಕೈಯಲ್ಲಾ?”

ಯಾವುದರಲ್ಲಿ? ಒಳ್ಳೆಯ ಪ್ರಶ್ನೆ. ಸೀದಾ ಅಡುಗೆಮನೆಗೆ ಹೋದೆ. ಲಟ್ಟಣಿಗೆ ತಂದು, ಅದಕ್ಕೊಂದು ಹಳೇ ಟವೆಲ್ ಸುತ್ತಿ, ಟಪ್ ಟಪ್ ಅಂತ ಮೆಲ್ಲಗೆ ತಟ್ಟಿದೆ. ಗೂಟ ಗಲಾಟೆ ಮಾಡದೆ ಒಳಗಿಳಿಯಿತು!

“ಲೋ, ನಿನ್ ಹೆಂಡ್ತಿ ಟೇಬಲ್ ಮಾಡ್ತಿದಾಳೋ, ಚಪಾತಿ ಮಾಡ್ತಿದಾಳೋ?” ಭಾವ ತಮ್ಮನನ್ನು ಕೇಳಿ ಗಹಗಹಿಸಿದರು. ನಗಲಿ ಬಿಡಿ. ನನಗೆ ಆಗಲೇ ಹುಕಿ ಹತ್ತಿತ್ತು. ಒಗ್ಗರಣೆ ಡಬ್ಬಿ ಖಾಲಿ ಮಾಡಿ, ಸಾಸಿವೆ ಇದ್ದ ಬಟ್ಟಲಿಗೆ ಸಣ್ಣ ಸ್ಕ್ರೂ, ಮೆಂತ್ಯದ ಬಟ್ಟಲಿಗೆ ಉದ್ದ ಸ್ಕ್ರೂ, ಜೀರಿಗೆಯದಕ್ಕೆ ಗೂಟ ಹಾಕಿದೆ. ಇನ್ನು ಒಂದಾದರೂ ಕಳೆಯುತ್ತದಾ? ಹಲಗೆಯ ಅಂಚು ಕಿತ್ತುಹೋಗದಿರಲಿ ಅಂತ ನೆಲಕ್ಕೆ ಜಮಖಾನ ಹಾಸಿದೆ. ಹೊಲಿಗೆ ಟೇಪಿನಿಂದ ಚೌಕಟ್ಟಿನ ಮೂಲೆಯಿಂದ ಎದುರು ಮೂಲೆಗೆ ಅಡ್ಡಡ್ಡ ಅಳೆದೆ. ಎರಡೂ ಕಡೆ ಅಳತೆ ಒಂದೇ ಬಂದರೆ ಟೇಬಲ್ ಸೊಟ್ಟಗಿಲ್ಲ ಅಂತ ಅರ್ಥ. (ರವಿಕೆ ಹೊಲಿಯುವವರಿಗೆ ಇದನ್ನೆಲ್ಲ ಯಾರೂ ಕಲಿಸಬೇಕಾಗಿಲ್ಲ.)

ಒಂದೇ ಕೊರತೆ. ಭಾವನ ಟ್ರಂಕಿನಲ್ಲಿದ್ದ ಸ್ಕ್ರೂಡ್ರೈವರಿನ ತುದಿ ನಮ್ಮ ಸ್ಕ್ರೂವಿನ ತಲೆಗಿಂತ ದೊಡ್ಡದು. ಆಟೋ ಹತ್ತಿ ನಮ್ಮ ಶಿವಮೊಗ್ಗದ ಗಾಂಧಿ ಬಜಾರಿಗೆ ಓಡಿದೆ.

“ಯಜಮಾನ್ರು ಯಾವ ಸೈಜ್ ಹೇಳಿದಾರಮ್ಮಾ?” ಹಾರ್ಡ್‌ವೇರ್ ಅಂಗಡಿಯವರು ಕೇಳಿದರು.

“ಯಜಮಾನ್ರನ್ನ ಬಿಡಿ ಸಾಬ್ರೇ, ಸ್ಕ್ರೂನೇ ತಂದಿದೀನಿ” ಎಂದು ಪರ್ಸಿನಿಂದ ತೆಗೆದು ಗಾಜಿನ ಮೇಲಿಟ್ಟೆ. ಅವರು ಸ್ಟಾರ್ ಸ್ಕ್ರೂಡ್ರೈವರುಗಳ ಸಾಲನ್ನೇ ಬಿಡಿಸಿಟ್ಟರು. ಒಂದೊಂದನ್ನೂ ಸ್ಕ್ರೂವಿನ ತಲೆಗೆ ಕೂರಿಸಿ ನೋಡಿದೆ. ಅಲುಗಾಡುವುದು ಬೇಡ. ಹಿಡಿ ಸಣ್ಣದಾದರೆ ಅಂಗೈ ಬೊಬ್ಬೆ ಏಳುತ್ತದೆ, ಅದೂ ಬೇಡ. ತುದಿಯಲ್ಲಿ ಮ್ಯಾಗ್ನೆಟ್ ಇರುವ ಒಂದು ಸಿಕ್ಕಿತು, ತಲೆಕೆಳಗು ಮಾಡಿದರೂ ಸ್ಕ್ರೂ ಬೀಳಲಿಲ್ಲ. ಅಬ್ಬಾ! ಸೀರೆ ಅಂಗಡಿಯಲ್ಲೂ ನನಗೆ ಇಷ್ಟು ಖುಷಿಯಾಗಿದ್ದಿಲ್ಲ. (ಸರಿ, ಇದು ಸ್ವಲ್ಪ ಸುಳ್ಳು.)

“ವ್ಹಾ, ಪಸಂದ್ ಚೆನ್ನಾಗಿದೆ” ಎಂದರು ಸಾಬರು.

ಸಂಜೆಗೆ ಕಾಲುಗಳು ನಿಂತವು. ಡ್ರಾಯರ್ ಸರಕ್ಕನೆ ಹೋಗಿ ಬಂತು. ಮೇಲಿನ ಹಲಗೆಯೊಂದೇ ಬಾಕಿ. ಬೆಳಿಗ್ಗೆ ಎದ್ದು ಕೂರಿಸಿದರಾಯಿತು ಅಂತ ನೆಮ್ಮದಿಯಾಗಿ ಮಲಗಿದೆ.

ಬೆಳಿಗ್ಗೆ ಎದ್ದರೆ ಸ್ಕ್ರೂಡ್ರೈವರ್ ಮಾಯ!

ಹುಡುಕುತ್ತಾ ಹೋದರೆ ದೇವರ ಮುಂದಿದೆ. ಭಾವನ ಪೈಪ್ ರೆಂಚು, ಸುತ್ತಿಗೆ, ಸ್ಪ್ಯಾನರ್ ಎಲ್ಲ ಮಿಂದು, ಕುಂಕುಮ ಇಡಿಸಿಕೊಂಡು, ಸೇವಂತಿಗೆ ಮುಡಿದು ಕೂತಿವೆ. ಅವುಗಳ ಪಕ್ಕದಲ್ಲಿ ನನ್ನ ಹೊಸ ಸ್ಕ್ರೂಡ್ರೈವರು, ಟೇಬಲ್ಲಿನ ಜೊತೆ ಬಂದ, ಬೋಲ್ಟು ಬಿಗಿಯುವ ಪುಟಾಣಿ ಎಲ್-ಕೀ. ಆಯುಧಪೂಜೆ!

“ಇವತ್ತು ಆಯುಧ ಮುಟ್ಟೋ ಹಾಗಿಲ್ಲಮ್ಮ” ಎಂದರು ಭಾವ, ಭಕ್ತಿಯಿಂದ. “ಫ್ಯಾಕ್ಟರೀಲೂ ಅಷ್ಟೆ. ಪೂಜೆ ಆಯ್ತು ಅಂದ್ರೆ ಮೆಷಿನ್ನೂ ರೆಸ್ಟು, ನಾವೂ ರೆಸ್ಟು. ಇನ್ನೇನಿದ್ರೂ ನಾಳೆ ಮಂಗಳಾರತಿ ಆದ್ಮೇಲೆ.”

“ಅಂಗಡಿಗೆ ಫೋನ್ ಮಾಡಿ ಆಟೋ ಕಳಿಸಿ ಅನ್ಲಾ?” ಪೇಪರಿನ ಹಿಂದಿನಿಂದ ನಮ್ಮ ಯಜಮಾನರ ಮಾತು. ಅವರ ಕಡೆ ಕೆಕ್ಕರಿಸಿ ನೋಡಿದೆ. ಆದರೆ ಭಾವ ಹೇಳಿದ್ದರಲ್ಲಿ ತಪ್ಪೇನಿದೆ? ದುಡಿದ ಸಾಮಾನಿಗೆ ಒಂದು ದಿನ ವಿಶ್ರಾಂತಿ, ಎಂಥ ಚಂದದ ಪದ್ಧತಿ! ಸ್ಕ್ರೂಡ್ರೈವರನ್ನು ಅಲ್ಲೇ ಬಿಟ್ಟೆ.

ಅಷ್ಟರಲ್ಲಿ ಭಾವ ಕೈ ಉಜ್ಜಿಕೊಂಡು ಕೇಳಿದರು. “ಹೋಳಿಗೆ ಎಷ್ಟೊತ್ತಿಗಾಗುತ್ತೆ?”

ಅಡುಗೆಮನೆಯಲ್ಲಿ ಅತ್ತೆ ಕಾಯಿ ರುಬ್ಬುತ್ತಿದ್ದರು. ಮಿಕ್ಸಿಗೂ ಬೆಳಿಗ್ಗೆ ಕುಂಕುಮ ಬಿದ್ದಿತ್ತು. ಅದು ಒಣಗುವ ಮೊದಲೇ ಅದರ ಡ್ಯೂಟಿ ಶುರು! ಪಕ್ಕದಲ್ಲಿ ಲಟ್ಟಣಿಗೆ ಹೋಳಿಗೆಗಾಗಿ ಕಾಯುತ್ತಿತ್ತು.

ಲಟ್ಟಣಿಗೆ ತೊಳೆದೆ. ಕುಂಕುಮ ಇಟ್ಟೆ. ತಂದು ಪೈಪ್ ರೆಂಚಿಗೂ ಸುತ್ತಿಗೆಗೂ ನಡುವೆ ಕೂರಿಸಿದೆ.

“ಇದೂ ಆಯುಧ ಭಾವ. ಟೇಬಲ್ ಕಟ್ಟಿದ್ದೇ ಇದು, ನೀವೇ ನೋಡಿದ್ರಲ್ಲ. ನಾಳೆ ಮಂಗಳಾರತಿ ಆಗೋವರೆಗೆ ಮುಟ್ಟೋ ಹಾಗಿಲ್ಲ.”

ಅತ್ತೆ ಮಿಕ್ಸಿ ನಿಲ್ಲಿಸಿ ಬಂದು ನೋಡಿದರು. ಬೈಗುಳ ಬೀಳುತ್ತದೆ ಅಂತ ನಾನು ತಯಾರಾಗಿದ್ದೆ. ಅವರಿಗೆ ನಗು ಶುರುವಾಯಿತು ನೋಡಿ, ನಿಲ್ಲಲೇ ಇಲ್ಲ. ಗೋಡೆ ಹಿಡಿದುಕೊಂಡು ಕೂತೇಬಿಟ್ಟರು.

“ಈ ಮನೆಗೆ ಸೊಸೆಯಾಗಿ ಬಂದಾಗಿಂದ ನಂಗಿದು ಹೊಳೀಲೇ ಇಲ್ವಲ್ಲೇ ಸುಮಾ!” ಎಂದು ಕಣ್ಣೊರೆಸಿಕೊಂಡು ಎದ್ದು ಒಳಗೆ ಹೋದರು. ಬರುವಾಗ ಕೈಯಲ್ಲಿ ಈಳಿಗೆಮಣೆ. ಆಮೇಲೆ ಸೌಟು. ಆಮೇಲೆ ಮಿಕ್ಸಿಯ ಜಾರು!

“ಅಮ್ಮಾ, ಊಟ?” ಭಾವನ ದನಿ ಇಷ್ಟೇ ಇಷ್ಟಾಗಿತ್ತು.

“ಫ್ಯಾಕ್ಟರಿ ರಜಾ ಕಣೋ” ಎಂದರು ಅತ್ತೆ.

ಅಣ್ಣತಮ್ಮಂದಿರು ತೆರೆದಿರುವ ಹೋಟೆಲ್ ಹುಡುಕುತ್ತಾ ಶಿವಮೊಗ್ಗವೆಲ್ಲ ಸುತ್ತಿ, ಕೊನೆಗೆ ಬಸ್‌ಸ್ಟ್ಯಾಂಡಿನ ಹತ್ತಿರ ಚಿತ್ರಾನ್ನದ ಪೊಟ್ಟಣ ಕಟ್ಟಿಸಿಕೊಂಡು ಬಂದರು. ಅತ್ತೆ ಮತ್ತು ನಾನು ಕಾಲು ಚಾಚಿ ಕೂತು ತಿಂದೆವು. ಉಪ್ಪು ಜಾಸ್ತಿಯಿತ್ತು. ಎಷ್ಟು ರುಚಿಯಾಗಿತ್ತು ಅಂತೀರಿ!

ಮಾರನೆಯ ದಿನ, ವಿಜಯದಶಮಿಯ ಬೆಳಿಗ್ಗೆ, ಮಂಗಳಾರತಿ ಆದ ಕೂಡಲೇ ಭಾವ ಕೈ ಹಾಕಿದ್ದು ಸುತ್ತಿಗೆಗಲ್ಲ. ಲಟ್ಟಣಿಗೆಯನ್ನು ಎತ್ತಿ, ಎರಡೂ ಕೈಯಲ್ಲಿ ಹಿಡಿದು ನನ್ನ ಮುಂದೆ ಚಾಚಿದರು. “ತಗೋಮ್ಮಾ. ಮೊದ್ಲು ನಿನ್ ಟೇಬಲ್, ಆಮೇಲೆ ನಮ್ ಹೋಳಿಗೆ.”

ಟಪ್ ಟಪ್. ಮೇಲಿನ ಹಲಗೆ ಕೂತಿತು. ಅಂಗಡಿಯ ಆಟೋ ಬರಲಿಲ್ಲ. ಈಗ ನಾನು ಬರೆಯುತ್ತಿರುವುದು ಅದರ ಮೇಲೆಯೇ. ಉಬ್ಬಿದ ಮೂಲೆಯ ಮೇಲೆ ಪೆನ್ನಿನ ಡಬ್ಬಿ ಇಟ್ಟಿದ್ದೇನೆ. ಅಕ್ಷರ ನಡುಗುತ್ತಿಲ್ಲ.

ನಿಮ್ಮನೆ ಲಟ್ಟಣಿಗೆಗೂ ಈ ಸಲ ಕುಂಕುಮ ಇಟ್ಟಿರಬಹುದು. ರಜಾ ಕೊಟ್ಟಿರಾ?