ಗರ್ಭಿಣಿಯ ಗಂಡ ಮರ ಕಡಿಯದ ಮಳೆಗಾಲ

ನನ್ನ ಯಜಮಾನರು ತೀರಿಹೋಗಿ ಕೆಲವು ವರ್ಷಗಳಾದವು. ಉಡುಪಿಯಿಂದ ಬಂದ ನೆಂಟರೆಲ್ಲ ಇಲ್ಲಿ ಡೊಂಬಿವಲಿ ಕಡೆ ಹೋಟೆಲು ಹಿಡಿದರೆ ನಮ್ಮವರು ಮರ ಹಿಡಿದರು. ಘೋಡಬಂದರ್ ರಸ್ತೆಯ ಹೊಸ ಕಾಂಪ್ಲೆಕ್ಸ್‌ಗಳಲ್ಲಿ ಮರ ನೋಡಿಕೊಳ್ಳುವುದು, ಕೊಂಬೆ ಸವರುವುದು ಅವರ ಕೆಲಸ.

“ಎಂತ ಭಾವ, ಇಡ್ಲಿ ಬೇಯಿಸುವುದು ಬಿಟ್ಟು ಮಂಗನ ಹಾಗೆ ಮರ ಹತ್ತುವುದಾ?” ಎಂದು ನನ್ನ ತಮ್ಮ ಕೆಣಕುತ್ತಿದ್ದ.

“ಇಡ್ಲಿ ಮೇಲೆ ಕೂತರೆ ಗಾಳಿ ಬರ್ತದಾ ಮಾರಾಯ?” ಎಂದು ಇವರು ನಗುತ್ತಿದ್ದರು.

ಸಂಜೆ ಲೋಕಲ್ ರೈಲು ಇಳಿದು ಡೊಂಬಿವಲಿಯ ಮನೆಗೆ ಬಂದರೆ ಅಂಗಿಯ ಕಿಸೆಯಲ್ಲಿ ನನಗೆಂದು ನಾಲ್ಕು ಹುಳಿ ಬಿಂಬುಳಿ ಕಾಯಿಯೋ ಒಂದು ಹಿಡಿ ಬಕುಳದ ಹೂವೋ ಇರುತ್ತಿತ್ತು.

ಮದುವೆಯಾಗಿ ಐದು ವರ್ಷಗಳಲ್ಲಿ ಎರಡು ಸಲ ಬಸಿರಾಗಿ, ಎರಡೂ ಸಲ ಕಳೆದುಕೊಂಡಿದ್ದೆ. ಮೂರನೆಯ ಸಲ ಅತ್ತೆ ಊರಿನಿಂದ ಬಂದವರು ಕೈಚೀಲ ಇಡುವ ಮೊದಲೇ ಮಗನಿಗೆ ಹೇಳಿದರು: “ಗರ್ಭಿಣಿಯ ಗಂಡ ಮರ ಕಡಿಯಬಾರದು. ಆಗಲೇ ಹೇಳಬೇಕಿತ್ತು. ತಪ್ಪು ನನ್ನದೇ.”

ಇವರು ಗರಗಸವನ್ನು ಹಳೆಯ ಪಂಚೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದರು. ಮಾರನೆಯ ದಿನದಿಂದ ಕೆಳಗೆ ನಿಂತು ಆಳುಗಳಿಗೆ ಕೈಸನ್ನೆ ಮಾಡುವುದಷ್ಟೇ. ಮರ ಹತ್ತದ ದಿನ ಅವರಿಗೆ ಅನ್ನ ಸೇರುತ್ತಿರಲಿಲ್ಲ. ನನಗೆ ಮಾತ್ರ ಒತ್ತಾಯ ಮಾಡಿ ಬಡಿಸುತ್ತಿದ್ದರು.

“ಇದನ್ನೆಲ್ಲ ನಂಬ್ತೀರಾ?” ಎಂದೆ ಒಮ್ಮೆ.

“ಗೊತ್ತಿಲ್ಲ ಮಾರಾಯ್ತಿ. ನಂಬದೆ ಏನಾದರೂ ಆದರೆ?”

ನನಗೆ ಆರು ತಿಂಗಳಾದಾಗ, ಮೊದಲ ಮಳೆಗಾಳಿಗೆ ನಮ್ಮ ಕಟ್ಟಡದ ಗೇಟಿನ ಬಳಿಯ ನೇರಳೆ ಮರದ ದೊಡ್ಡ ಕೊಂಬೆ ಬುಡದಲ್ಲಿ ಸೀಳಿತು. ಅದರ ಕೆಳಗೇ ಶಾಲೆಯ ರಿಕ್ಷಾ ನಿಲ್ಲುವುದು. ಆಳುಗಳೆಲ್ಲ ಊರಿಗೆ ಹೋಗಿದ್ದರು. ಸೊಸೈಟಿಯ ಸೆಕ್ರೆಟರಿ ಬಾಗಿಲಿಗೇ ಬಂದರು: “ಅರೆ ಅಣ್ಣಾ, ದಸ್ ಮಿನಿಟ್ ಕಾ ಕಾಮ್ ಹೈ, ಕಾಟ್ ಡಾಲೋ ನಾ!” ಹತ್ತೇ ನಿಮಿಷದ ಕೆಲಸವಂತೆ, ಕಡಿದುಬಿಡಬೇಕಂತೆ.

ಅತ್ತೆ ದೇವರ ಪಟದ ಮುಂದೆ ಹೋಗಿ ನಿಂತರು. ನಾನು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡೇ ಹೇಳಿದೆ: “ಕಡಿಯಿರಿ. ಬೇರೆಯವರ ಮಕ್ಕಳ ತಲೆ ಮೇಲೆ ಬಿದ್ದರೆ?”

“ಕಡಿಯುವುದೂ ಇಲ್ಲ, ಬೀಳ್ಲಿಕ್ಕೆ ಬಿಡುವುದೂ ಇಲ್ಲ,” ಎಂದು ಅವರು ಹಗ್ಗ ತೆಗೆದುಕೊಂಡು ಇಳಿದರು.

ಮೊದಲು ರಿಕ್ಷಾದವನನ್ನು ಹಿಂದಿನ ಗೇಟಿಗೆ ಕಳಿಸಿದರು. ಆಮೇಲೆ ಮರ ಹತ್ತಿ ಕೊಂಬೆಯನ್ನು ಕಾಂಡಕ್ಕೆ ಎಳೆದು ಬಿಗಿದರು, ಸೀಳಿಗೆ ಗೋಣಿ ಸುತ್ತಿದರು, ಕೆಳಗಿನಿಂದ ಎರಡು ಬಿದಿರಿನ ಆಸರೆ ಕೊಟ್ಟರು. ಎದುರು ಮನೆಯ ಮರಾಠಿ ವಹಿನಿ ಗ್ಯಾಲರಿಯಿಂದ, “ಕಾಯ್ ಹೋ ಭಾವುಜಿ, ಝಾಡಾಲಾ ಪ್ಲಾಸ್ಟರ್?” ಎಂದು, ಮರಕ್ಕೂ ಪ್ಲಾಸ್ಟರಾ ಎಂಬಂತೆ, ನಕ್ಕಳು. ಇವರು ಒಳಗೆ ಬಂದು ಅತ್ತೆಗೆ ಹೇಳಿದರು: “ಬಾಣಂತಿಗೆ ಸೊಂಟ ಕಟ್ಟುವುದಿಲ್ವಾ ಅಮ್ಮ, ಹಾಗೇ.”

ಆ ಮಳೆಗಾಲವಿಡೀ ಬೆಳಿಗ್ಗೆ ಹಗ್ಗದ ಗಂಟು ಮುಟ್ಟಿ ನೋಡದೆ ಅವರು ಸ್ಟೇಷನ್ನಿಗೆ ಹೊರಟದ್ದಿಲ್ಲ. ಎಷ್ಟೋ ದಿನ ಲೋಕಲ್ ತಪ್ಪಿತು. ಗಾಳಿ ಜೋರಾದರೆ ನಾನು ಕಿಟಕಿಯಲ್ಲಿ ನಿಂತು ಕೊಂಬೆ ನೋಡುತ್ತಿದ್ದೆ. ಹೊಟ್ಟೆಯೊಳಗೆ ಮಗು ಒದ್ದ ಮೇಲಷ್ಟೇ ಒಳಗೆ ಬರುತ್ತಿದ್ದೆ.

ಗಣಪತಿ ಹಬ್ಬ ಕಳೆದು ಮಗಳು ಹುಟ್ಟಿದಳು. ಎತ್ತಿಕೊಳ್ಳುವ ಮೊದಲು ಅವರು ಮೂರು ಸಲ ಸಾಬೂನು ಹಾಕಿ ಕೈ ತೊಳೆದರು.

ಕೊಂಬೆ ಮಾತ್ರ ಉಳಿಯಲಿಲ್ಲ, ಒಣಗತೊಡಗಿತ್ತು. ಹೆಸರಿಟ್ಟ ಮರುದಿನ ಮಧ್ಯಾಹ್ನ ಅಟ್ಟದಿಂದ ಗರಗಸ ಇಳಿಸಿ ಅದನ್ನು ತೆಗೆಯಲು ಹೋದರು. ಮಗು ಆಗಷ್ಟೇ ನಿದ್ದೆಹೋಗಿತ್ತು. ಸರಸರನೆ ಕೊಯ್ದು ಕೆಡವಿದ್ದರೆ ಸಾಕಿತ್ತು. ಅವರು ಗೇಣುದ್ದದ ತುಂಡು ಮಾಡಿ, ಒಂದೊಂದಕ್ಕೂ ಹಗ್ಗ ಬಿಗಿದು ಕೆಳಗಿಳಿಸುತ್ತಿದ್ದರು. ಸಂಜೆಯಾಯಿತು. ತೊಟ್ಟಿಲ ಬಳಿ ಕುಳಿತ ನನಗೆ ಒಂದು ತುಂಡೂ ನೆಲ ಮುಟ್ಟಿದ ಸದ್ದು ಕೇಳಲಿಲ್ಲ.