ವಿಮಲಕ್ಕನ ಕಾರು ಮತ್ತು ರಾಯರ ಭಾರ

ಕೋಪರಖೈರಣೆಯಲ್ಲಿದ್ದ ಚೆನ್ನಯನ ಗ್ಯಾರೇಜು ಎರಡು ಕಾರು ನಿಲ್ಲುವಷ್ಟೇ ಅಗಲ. ಬೆಳ್ತಂಗಡಿ ಕಡೆಯಿಂದ ಈ ಮರಾಠಿ ಊರಿಗೆ ಬಂದು ಮಾವನ ಹೋಟೆಲಿನಲ್ಲಿ ಗೋಳಿಬಜೆ ಕರಿಯುತ್ತಿದ್ದವನು ಅವನು. ಬಾಣಲೆಯ ಮುಂದೆ ನಿಲ್ಲುವುದಕ್ಕಿಂತ ಹೋಟೆಲಿನ ವ್ಯಾನಿನಡಿ ಮಲಗುವುದೇ ಹೆಚ್ಚಾದಾಗ ಮಾವನೇ ಬೇಸತ್ತು ವಾಶಿಯ ಗ್ಯಾರೇಜೊಂದಕ್ಕೆ ಸೇರಿಸಿದ್ದ. ಅಲ್ಲಿಗೆ ಆಟೋಮ್ಯಾಟಿಕ್ ಗೇರಿನ ಕಾರು ಬಂದರೆ ಉಳಿದವರಿಗೆಲ್ಲ ಆಗಲೇ ಚಹಾ ಕುಡಿಯಬೇಕೆನಿಸುತ್ತಿತ್ತು. ಹಾಗೆ ಒಬ್ಬನೇ ಉಳಿದು ಉಳಿದು ಚೆನ್ನಯ ಆ ಕೆಲಸ ಕಲಿತು, ಆಮೇಲೆ ಸ್ವಂತದ್ದೊಂದು ಗ್ಯಾರೇಜು ತೆರೆದ. ಆದರೆ ಅಂಥ ಕಾರು ಓಡಿಸುವುದು ಮಾತ್ರ ಅವನಿಗೆ ಒಗ್ಗಲಿಲ್ಲ. ಅವನ ಎಡಗಾಲು, ಆ ಕಾರಿನಲ್ಲಿ ಇಲ್ಲದ ಕ್ಲಚ್ಚನ್ನು ಹುಡುಕಿಕೊಂಡು ಹೋಗಿ ಬ್ರೇಕನ್ನು ತುಳಿಯುತ್ತಿತ್ತು.

೨೦೦೯ರ ಮಳೆಗಾಲ ಮುಗಿಯುತ್ತ ಬಂದಾಗ ವಿಮಲಕ್ಕ ಬಂದರು. ಅವರು ಶಾಲೆಯಲ್ಲಿ ಹಿಂದಿ ಟೀಚರು. ಮಂಡಿನೋವೆಂದು ಹಳೆಯದೊಂದು ಆಟೋಮ್ಯಾಟಿಕ್ ಕಾರು ಕೊಂಡಿದ್ದರು.

"ನಾನೊಬ್ಬಳೇ ಹೋದ್ರೆ ಬೆಣ್ಣೆ ಹಾಗೆ ಹೋಗ್ತದೆ ಚೆನ್ನಯ. ಇವರು ಕೂತ್ರೆ ಮಾತ್ರ ಇಂಜಿನ್ ಕಿರುಚ್ತದೆ, ಕಾರು ಮುಂದೆ ಹೋಗುದಿಲ್ಲ."

ಇವರು ಎಂದರೆ ಗಂಡ ಪುಂಡರೀಕಾಕ್ಷ ರಾಯರು. ಬೇಲಾಪುರದ ಕಚೇರಿಯೊಂದರಿಂದ ನಿವೃತ್ತರಾಗಿದ್ದರು.

"ರಾಯರು ಅಷ್ಟು ತೂಕ ಉಂಟಾ ವಿಮಲಕ್ಕ?"

"ತೂಕ ಎಂತ ಇಲ್ಲ. ಮೊದಲು ತೋರಿಸಿದವನು ಗೇರ್ ಬಾಕ್ಸೇ ಬದಲಿಸಬೇಕು ಅಂದ. ಅದಕ್ಕಿಂತ ಇವರನ್ನು ಬದಲಿಸುದು ಸುಲಭ ಅಲ್ವಾ ಅಂತ ಇಲ್ಲಿಗೆ ಬಂದೆ."

ಚೆನ್ನಯ ಬಾನೆಟ್ ಎತ್ತಿ ಎಣ್ಣೆಯ ಕಡ್ಡಿ ಎಳೆದು ನೋಡಿದ. ಗೇರಿನ ಎಣ್ಣೆ ಗೆರೆಯವರೆಗೂ ಇತ್ತು. ಕೋಕಂ ಶರಬತ್ತಿನಂತೆ ಕೆಂಪಾಗಿತ್ತು, ಮೂಸಿದರೆ ಸೀದ ವಾಸನೆಯೂ ಇರಲಿಲ್ಲ. ಒಳಗಿನ ಪ್ಲೇಟುಗಳು ಸುಟ್ಟಿಲ್ಲವೆಂದಾಯಿತು. ಮರುದಿನ ಎಡಗಾಲನ್ನು ಸೀಟಿನಡಿ ಮಡಚಿಟ್ಟುಕೊಂಡು ಕೋಪರಖೈರಣೆಯ ಬೀದಿಗಳನ್ನೆಲ್ಲ ಸುತ್ತಿದ. ಕಾರು ಸಾಧುಪ್ರಾಣಿಯಂತೆ ಓಡಿತು. ಅವನು ಸೋತು ಫೋನ್ ಮಾಡಿದ.

"ವಿಮಲಕ್ಕ, ರಾಯರನ್ನು ಕರ್ಕೊಂಡು ಬನ್ನಿ."

ರಾಯರು ಇಸ್ತ್ರಿಯ ಅಂಗಿ ತೊಟ್ಟು, ಸಾಕ್ಷಿ ಹೇಳಲು ಕೋರ್ಟಿಗೆ ಬಂದವರಂತೆ ಬಂದರು. ಚೆನ್ನಯ ಅವರನ್ನು ಮೊದಲು ಮುಂದೆ, ಆಮೇಲೆ ಹಿಂದೆ, ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಕೂರಿಸಿ ಓಡಿಸಿದ. ಅವರ ಮೊಣಕಾಲು ಗೇರಿನ ಹಿಡಿಗೆ ತಾಗುತ್ತದೆಯೋ ಎಂದೂ ನೋಡಿದ. ಏನೂ ಆಗಲಿಲ್ಲ.

"ನೋಡಿದಿಯಾ? ನನ್ನದೇನೂ ದೋಷ ಇಲ್ಲ," ಎಂದರು ರಾಯರು ಪಕ್ಕದಲ್ಲಿ ಕೂತಿದ್ದ ಹೆಂಡತಿಗೆ. "ಹೇಗೂ ಹೊರಟಾಗಿದೆ, ಅಕ್ಕನ ಮನೆಗೊಂದು ಹೋಗಿಬರುವ."

ವಿಮಲಕ್ಕ ಕಿಟಕಿಯ ಕಡೆ ಮುಖ ತಿರುಗಿಸಿದರು. ರಾಯರ ಅಕ್ಕ ರತ್ನಾವತಿಯವರ ಮನೆ ಬೇಲಾಪುರದ ಪಾರ್ಸಿಕ್ ಗುಡ್ಡದ ಮೇಲಿತ್ತು. ಗುಡ್ಡದ ಬುಡ ದಾಟಿ ಏರು ಹತ್ತುತ್ತಿದ್ದಂತೆ ಇಂಜಿನ್ ಕಿರುಚಿತು, ಕಾರು ನಿಂತೇ ಹೋಯಿತು. ಕಾಲು ಒತ್ತಿದಷ್ಟೂ ಸದ್ದು ಹೆಚ್ಚಿತೇ ಹೊರತು ಚಕ್ರ ಮುಂದೆ ಹೋಗಲಿಲ್ಲ. ರಾಯರು ತಲೆ ತಗ್ಗಿಸಿ ಕೂತರು.

ಚೆನ್ನಯನಿಗೆ ಏನೋ ಹೊಳೆಯಿತು. "ವಿಮಲಕ್ಕ, ನೀವೊಬ್ಬರೇ ಈ ಗುಡ್ಡ ಹತ್ತಿದ್ದುಂಟಾ?"

"ಇವರ ಅಕ್ಕನ ಮನೆಗೆ ನಾನೊಬ್ಬಳೇ ಎಂತಕ್ಕೆ ಬರುದು? ಇವರು ಕಾರು ಹತ್ತುದೇ ಇಲ್ಲಿಗೆ ಬರ್ಲಿಕ್ಕೆ."

ಚೆನ್ನಯನಿಗೆ ನಗು ತಡೆಯಲಾಗಲಿಲ್ಲ. ಕಾರನ್ನು ಮೆಲ್ಲಗೆ ಹಿಂದಕ್ಕೆ ಬಿಟ್ಟು ಸಮತಟ್ಟಾದ ಜಾಗಕ್ಕೆ ತಂದ. ಈ ಸಲ ಇಂಜಿನ್ ಆರಿಸದೆಯೇ ಕಡ್ಡಿ ಎಳೆದ. ತುದಿಯಷ್ಟೇ ಒದ್ದೆಯಾಗಿತ್ತು. ಮೊದಲ ದಿನ ಅವಸರದಲ್ಲಿ ಇಂಜಿನ್ ಆರಿಸಿ ನೋಡಿದ್ದ. ಆಗ ಎಣ್ಣೆಯೆಲ್ಲ ಕೆಳಗಿಳಿದು ತುಂಬಿದಂತೆ ಕಾಣುತ್ತದೆ. ಗ್ಯಾರೇಜಿಗೆ ಬಂದ ಹೊಸಬರಿಗೆಲ್ಲ ಅವನು ಹೇಳಿಕೊಡುತ್ತಿದ್ದ ಪಾಠವೇ ಅದು. ಅವನು ಕಡ್ಡಿ ಒರೆಸಿ ಒಳಗಿಟ್ಟ.

"ತಪ್ಪು ನಂದು ರಾಯರೇ. ಎಣ್ಣೆ ಕಮ್ಮಿ ಉಂಟು. ಏರಿನಲ್ಲಿ ಇದ್ದದ್ದೂ ಹಿಂದಕ್ಕೆ ಸರಿತದೆ, ಪಂಪು ಬರೀ ಗಾಳಿ ಎಳೀತದೆ. ನೀವು ಕೂತ್ರೂ ಒಂದೇ, ಕೂರದಿದ್ರೂ ಒಂದೇ."

ಹೀಗೊಂದು ಮಾತು ಕೇಳಿ ಅಷ್ಟು ಸಂತೋಷಪಟ್ಟ ಗಂಡಸನ್ನು ಚೆನ್ನಯ ನೋಡಿರಲಿಲ್ಲ.

ಗ್ಯಾರೇಜಿಗೆ ಮರಳಿ ನೋಡಿದರೆ, ಎಣ್ಣೆ ತಣಿಯಲು ರೇಡಿಯೇಟರಿಗೆ ಹೋಗುವ ರಬ್ಬರ್ ಪೈಪು ಕ್ಲಿಪ್ಪಿನ ಹತ್ತಿರ ಬಿರುಕುಬಿಟ್ಟು ಜಿನುಗುತ್ತಿತ್ತು. ಅವನು ಪೈಪು ಬದಲಿಸುತ್ತಿದ್ದಾಗ ವಿಮಲಕ್ಕ ಬಳಿಗೆ ಬಂದು ದನಿ ತಗ್ಗಿಸಿದರು. "ಪಾರ್ಟ್ ಸಿಗಲಿಲ್ಲ ಅಂತ ಹೇಳ್ಬಹುದಾ? ನವರಾತ್ರಿ ಮುಗಿವವರೆಗೆ ಆ ಗುಡ್ಡ ಹತ್ತದಿದ್ರೆ ಸಾಕು."

"ರಾಯರು ಹಿಂದೆಯೇ ನಿಂತಿದ್ದಾರೆ, ವಿಮಲಕ್ಕ."

ಆ ಭಾನುವಾರ ಮೂವರೂ ಗುಡ್ಡ ಹತ್ತಿದರು. ಕಾರು ಉಸಿರೆತ್ತದೆ ಏರಿತು. ರತ್ನಾವತಿಯವರು ಚೆನ್ನಯನಿಗೂ ಪತ್ರೊಡೆ ಬಡಿಸಿ, ಸೊಸಂದಿರು, ಸೊಸೈಟಿ, ಲಿಫ್ಟು, ಸೊಂಟನೋವು ಎಂದು ಸಂಜೆಯವರೆಗೂ ಬಿಡದೆ ಮಾತಾಡಿದರು. ಚೆನ್ನಯ ಮೆಲ್ಲಗೆ ವಿಮಲಕ್ಕನ ಕಡೆ ನೋಡಿದ. ಅವರು, ಈಗ ಅನುಭವಿಸು ಎಂಬಂತೆ, ಅವನ ಎಲೆಗೆ ಇನ್ನೊಂದು ತುಂಡು ಪತ್ರೊಡೆ ಹಾಕಿಸಿದರು.

ಈ ಕತೆ ಕನ್ನಡ ಸಂಘದಲ್ಲಿ ಹಬ್ಬಿದ ಮೇಲೆ ಅವನಿಗೆ ಗಿರಾಕಿಗಳು ಹೆಚ್ಚಿದರು. ಫೋನಿನಲ್ಲಿ ಹೆಂಗಸರು, "ಕಾರಿನೊಟ್ಟಿಗೆ ಗಂಡನನ್ನೂ ತರಬೇಕಾ?" ಎಂದು ಕೇಳುತ್ತಿದ್ದರು. ಚೆನ್ನಯ ಬೇಡವೆನ್ನುತ್ತಿರಲಿಲ್ಲ. ಎಲ್ಲಿಗೆ ಹೋಗುವಾಗ ಹಾಗಾಗುತ್ತದೆ ಎಂದು ಮಾತ್ರ ಮೊದಲು ವಿಚಾರಿಸುತ್ತಿದ್ದ.