ಮೂರು ಸಲ ಕೇಳಿದ ಹೂವು

ಎಸ್ಸೆಸ್ಸೆಲ್ಸಿ ಪಾಸಾದ ವರ್ಷ ನನ್ನನ್ನು ಬೈಲಹೊಂಗಲದ ಕಾಲೇಜಿಗೆ ಕಳಿಸಬೇಕೋ ಬೇಡವೋ ಎಂದು ದೇವರನ್ನೇ ಕೇಳಲು ಕಾಕಾ ಊರ ಗುಡಿಗೆ ಕರೆದುಕೊಂಡು ಹೋದ. ಪೂಜಾರಿ ಲಿಂಗದ ಎರಡೂ ಬದಿಗೆ ಒದ್ದೆ ಹೂವು ಹಚ್ಚಿದರು. ಬಲಗಡೆಯದು ಮೊದಲು ಬಿದ್ದರೆ ಕಳಿಸುವುದು, ಎಡಗಡೆಯದು ಬಿದ್ದರೆ ಬೇಡ.

ಬಲದ ಹೂವು ಬಿತ್ತು. ನನಗೆ ಕುಣಿಯುವಷ್ಟು ಖುಷಿ. ಕಾಕಾ ಮಾತ್ರ, "ಗಾಳಿಗೆ ಬಿತ್ತ ಅದು, ಇನ್ನೊಮ್ಮೆ ಕೇಳ್ರಿ" ಅಂದ. ಮತ್ತೆ ಬಲದ್ದೇ ಬಿತ್ತು. "ಹೂವು ಒಣಗಿತ್ತು, ಬ್ಯಾರೆ ಹಚ್ರಿ" ಅಂದ. ಮೂರನೇ ಸಲ ಎಡದ್ದು ಬಿತ್ತು. "ನೋಡು, ದೇವರ ಬ್ಯಾಡ ಅಂದಾನ" ಎಂದು ಕೈಮುಗಿದು ಎದ್ದೇಬಿಟ್ಟ.

ನನಗೆ ಮೈಯೆಲ್ಲ ಉರಿಯಿತು. ಸಂಭವನೀಯತೆಯ ಪಾಠ ಓದಿ ಇನ್ನೂ ವರ್ಷ ತುಂಬಿರಲಿಲ್ಲ.

"ಕಾಕಾ, ಒಮ್ಮೆ ಕೇಳಿದ್ರ ಎಡ ಬಲ ಎರಡಕ್ಕೂ ಸಮ ಸಂಭವ. ಮೂರು ಸಲ ಕೇಳಿದ್ರ, ಒಮ್ಮೆರ ಎಡದ್ದು ಬೀಳೂ ಸಂಭವ ಎಂಟರಾಗ ಏಳು! ನಿನಗ ಬೇಕಾದ್ದು ಬೀಳೂತನಕ ಕೇಳೂದಾದ್ರ ದೇವರ್ಯಾಕ ಬೇಕು?"

"ಹೆಣ್ಣಹುಡುಗಿ ಆಗಿ ದೇವರಿಗೇ ಲೆಕ್ಕ ಕಲಸ್ತೀಯೇನ?" ಎಂದು ಗದರಿದ.

ಎರಡು ಸಲ ನಪಾಸಾಗಿ ಅದೇ ವರ್ಷ ಹೆಂಗೋ ಪಾಸಾಗಿದ್ದ ನನ್ನ ಅಣ್ಣ ಮರುವಾರವೇ ಕಾಲೇಜಿಗೆ ಹೆಸರು ಹಚ್ಚಿದ. ಆಗಿಯೇ ತೀರುವುದನ್ನು ಗಣಿತದಲ್ಲಿ ಖಚಿತ ಘಟನೆ ಅಂತಾರೆ. ಅವನಿಗಾಗಿ ಯಾರೂ ಒಂದು ಹೂವನ್ನೂ ಹಚ್ಚಿ ಕೇಳಲಿಲ್ಲ.